ಊರಿನ ಕಣ್ಣಿಗೆ ಇಲ್ಲದವಳು

ನಾನು ಕಾನೂನು ಓದುತ್ತಿದ್ದಾಗ ನಮ್ಮ ಕಾಲೇಜಿನವರು ವರ್ಷಕ್ಕೊಮ್ಮೆ ಯಾವುದಾದರೂ ಹಳ್ಳಿಯಲ್ಲಿ ಶಿಬಿರ ಹಾಕುತ್ತಿದ್ದರು. ಒಂದು ವಾರ ಊರಲ್ಲೇ ಇದ್ದು ಜನರಿಗೆ ಅವರ ಹಕ್ಕುಗಳೇನು ಅಂತ ತಿಳಿಸಿಕೊಡಬೇಕು. ಆ ವರ್ಷ ನಮ್ಮ ಪಾಲಿಗೆ ಬಂದದ್ದು ಸೋಮವಾರಪೇಟೆಯಿಂದ ಮೇಲೆ, ಬಸ್ಸು ತಿರುಗಿಸಿಕೊಳ್ಳುವ ಕೊನೆಯ ಜಾಗದಿಂದ ಮುಂದಕ್ಕೆ ನಡೆದು ಹೋಗಬೇಕಾದ ಒಂದು ಊರು. ತಗ್ಗಿನಲ್ಲಿ ಗದ್ದೆ, ಇಳಿಜಾರಿನಲ್ಲಿ ಕಾಫಿ, ನೆರಳಿದ್ದ ಕಡೆ ಏಲಕ್ಕಿ. ನಾನು ಕುಶಾಲನಗರದ ಹತ್ತಿರದವಳು. ಹಾಸನದ ಕಡೆಯಿಂದ ಬಂದು ನೆಲೆಸಿದ ರೈತರ ಮನೆ ನಮ್ಮದು. ಹಾಗಾಗಿ ಆ ಊರಿನವರ ಮಾತು ಕಿವಿಗೆ ನಮ್ಮ ಮನೆಯವರ ಮಾತಿನಂತೆಯೇ ಬೀಳುತ್ತಿತ್ತು. ಕೊಡಗಿನ ಇನ್ನೊಂದು ತುದಿಯ ಕುಟ್ಟದಿಂದ ಬಂದಿದ್ದ ನನ್ನ ಗೆಳತಿಗೆ ಮಾತ್ರ ಅದು ಹೊಸದು. ‘ಇವ್ರೆಲ್ಲ ಎಷ್ಟು ಮೆಲ್ಲಗೆ ಮಾತಾಡ್ತಾರಲ್ಲ ಮಾರಾಯ್ತಿ’ ಅಂದಳು, ಹೋದ ದಿನವೇ.

ನಿಜ. ಅಷ್ಟು ಮೆತ್ತಗಿನ, ಅಷ್ಟು ಮರ್ಯಾದೆಯ ಊರನ್ನು ನಾನು ನೋಡಿರಲಿಲ್ಲ. ಶಾಲೆಯ ಕೋಣೆಗಳನ್ನು ಗುಡಿಸಿ ಚಾಪೆ ಹಾಕಿಟ್ಟಿದ್ದರು. ಕುಡಿಯಲು ಬಿಸಿನೀರು, ಬೆಲ್ಲದ ಕಾಫಿ. ಊರಿನ ಯಜಮಾನರು ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ತಾವೇ ಎದುರು ಬಂದು ಕಾಲೇಜಿನಿಂದ ನಮ್ಮ ಜೊತೆ ಬಂದಿದ್ದ ಮೇಡಂಗೆ ಕೈಮುಗಿದರು. ‘ಮಕ್ಳಿಗೆ ಏನೂ ಕಮ್ಮಿ ಆಗಬಾರದು’ ಅಂತ ಹೇಳಿ ಹೋದರು.

ಮಾರನೆಯ ದಿನ ಬೆಳಿಗ್ಗೆ ಸಮುದಾಯ ಭವನದಲ್ಲಿ ಮೊದಲ ಸಭೆ. ಮಂಜು ಇನ್ನೂ ಕರಗಿರಲಿಲ್ಲ. ತೆರೆದ ಬಾಗಿಲಿನಿಂದಾಚೆ ಅಂಗಳವೇ ಕಾಣುತ್ತಿರಲಿಲ್ಲ, ಬಿಳಿ ಬಟ್ಟೆ ಇಳಿಬಿಟ್ಟ ಹಾಗಿತ್ತು. ಊರಿಗೆ ಊರೇ ಬಂದು ಕೂತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಭೂಮಿಯಲ್ಲಿ ಹೆಣ್ಣುಮಕ್ಕಳ ಪಾಲು, ಉಚಿತವಾಗಿ ಸಿಗುವ ವಕೀಲರು, ಎಲ್ಲ ಹೇಳಿದೆವು. ತಲೆಯಾಡಿಸುತ್ತಾ ಕೇಳಿಸಿಕೊಂಡರು. ಪೊಲೀಸ್ ದೂರಿನ ವಿಷಯ ನನ್ನ ಪಾಲಿಗೆ ಬಂದಿತ್ತು. ‘ನಿಮಗೆ ಅನ್ಯಾಯ ಆದ್ರೆ ಸ್ಟೇಷನ್ನಿಗೆ ಹೋಗಿ ದೂರು ಕೊಡೋದು ನಿಮ್ಮ ಹಕ್ಕು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ’ ಅಂದೆ.

ಆಡುತ್ತಿದ್ದ ತಲೆಗಳೆಲ್ಲ ನಿಂತವು. ಯಾರೂ ಕೋಪ ಮಾಡಿಕೊಳ್ಳಲಿಲ್ಲ, ಪಕ್ಕದವರ ಕಿವಿಯಲ್ಲಿ ಪಿಸುಗುಡಲಿಲ್ಲ. ಸುಮ್ಮನೆ ಎಲ್ಲವೂ ನಿಂತಿತು.

ಆಗ ಬಾಗಿಲ ಹತ್ತಿರದಿಂದ ಒಂದು ದನಿ ಬಂತು.

‘ಒಬ್ಬ ಮನುಷ್ಯೆ ಬದುಕಿದ್ದಾಗ್ಲೇ ಇಲ್ಲ ಅಂತ ಊರವ್ರೆಲ್ಲ ಅಂದ್ರೆ, ನಾನಿದೀನಿ ಅಂತ ಅವಳು ಯಾರ ಹತ್ರ ಹೇಳ್ಬೇಕು?’

ಹೊಸ್ತಿಲಾಚೆ, ಮಂಜಿಗೆ ಬೆನ್ನು ಕೊಟ್ಟು ಒಬ್ಬ ಹೆಂಗಸು ನಿಂತಿದ್ದಳು. ಬೂದು ಬಣ್ಣದ ಸೀರೆ, ತಲೆಯ ಮೇಲೆ ಸೆರಗು. ಕೊರಳ ದನಿ ಒಡೆದು ಹೋಗಿತ್ತು, ಬಹಳ ದಿನ ಜ್ವರ ಬಂದು ಎದ್ದವರ ಹಾಗೆ. ನನಗೆ ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ. ‘ಅಕ್ಕಾ, ಸ್ವಲ್ಪ ಬಿಡಿಸಿ ಹೇಳಿ. ಒಳಗೆ ಬನ್ನಿ’ ಅಂದೆ.

ಕೂತಿದ್ದವರಲ್ಲಿ ಒಬ್ಬರೂ ಬಾಗಿಲ ಕಡೆ ತಿರುಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಯಜಮಾನರು ಕನಿಕರದಿಂದ ಕೇಳಿದರು: ‘ಯಾರ ಹತ್ರ ಮಾತಾಡ್ತಿದೀಯವ್ವ?’

‘ಅಲ್ಲಿ, ಬಾಗಿಲ ಹತ್ರ ನಿಂತಿದಾರಲ್ಲ…’

‘ಬಾಗಿಲ ಹತ್ರ ಯಾರೂ ಇಲ್ವಲ್ಲ.’

ಮತ್ತೆ ನೋಡಿದೆ. ಆ ಹೆಂಗಸು ನನ್ನನ್ನೇ ನೋಡುತ್ತಿದ್ದವಳು ಸೆರಗನ್ನು ಮುಂದಕ್ಕೆಳೆದುಕೊಂಡು, ಹಿಂದಕ್ಕೆ ಹೆಜ್ಜೆಯಿಟ್ಟು ಮಂಜಿನೊಳಗೆ ಹೋದಳು. ಮೇಡಂ ಆ ಹೊತ್ತಿಗೆ ಕಾಗದ ಹುಡುಕುತ್ತಾ ಬಗ್ಗಿದ್ದರು. ಗೆಳತಿ ಪಕ್ಕದ ಕೋಣೆಯಲ್ಲಿ ಕಾಫಿ ಲೋಟ ಜೋಡಿಸುತ್ತಿದ್ದಳು. ನೋಡಿದವಳು ನಾನೊಬ್ಬಳೇ. ಮಾತು ಮುಂದುವರಿಸಿದೆ, ಆದರೆ ಏನು ಹೇಳಿದೆನೋ ನೆನಪಿಲ್ಲ.

ಮಧ್ಯಾಹ್ನ ಒಂದು ಮನೆಯಲ್ಲಿ ಊಟ. ಅಕ್ಕಿರೊಟ್ಟಿ, ಕೆಸುವಿನ ಸೊಪ್ಪಿನ ಸಾರು. ಬಡಿಸುತ್ತಿದ್ದ ಮನೆಯಾಕೆಯನ್ನು ಕೇಳಿದೆ: ‘ಬೆಳಿಗ್ಗೆ ಬೂದು ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ರಲ್ಲ, ಅವರು ಯಾರು?’ ಅವರ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು. ಪಕ್ಕದಲ್ಲಿ ಕೂತಿದ್ದ ಅವರ ಪುಟ್ಟ ಮಗಳು ಬಾಯಿ ತೆರೆದಳು. ತಾಯಿ ಎಡಗೈಯಿಂದ ಆ ಮಗುವಿನ ಗಲ್ಲ ಹಿಡಿದು, ನೋಯದ ಹಾಗೆ, ಮುಖವನ್ನು ತಟ್ಟೆಯ ಕಡೆ ತಿರುಗಿಸಿದರು.

‘ಮಂಜಲ್ಲಿ ಏನೇನೋ ಕಾಣ್ತವೆ ಕಣವ್ವ. ಇನ್ನೊಂದು ರೊಟ್ಟಿ ಹಾಕ್ಲಾ?’

ಶಾಲೆಗೆ ಬಂದು ಗೆಳತಿಗೆ ಹೇಳಿದೆ. ನಕ್ಕಳು. ನಾನು ನಗದೆ ಇದ್ದದ್ದನ್ನು ಕಂಡು ಅವಳೂ ನಿಲ್ಲಿಸಿದಳು.

ಮಾರನೆಯ ದಿನ ನಾವಿಬ್ಬರೂ ಮನೆಮನೆಗೆ ಹೋಗಿ ಕರಪತ್ರ ಹಂಚುತ್ತಿದ್ದೆವು. ದಾರಿ ತೋರಿಸಲು ಜೊತೆಗೆ ಬಂದಿದ್ದ ಹೆಂಗಸು ಕೊನೆಯ ಮನೆ ದಾಟಿದ ಮೇಲೆ ‘ಇಷ್ಟೇ ಊರು’ ಅಂತ ತಿರುಗಿ ನಿಂತರು. ಆದರೆ ಕಾಫಿ ಗಿಡಗಳಾಚೆ ಒಂದು ಹೆಂಚಿನ ಮಾಡು ಕಾಣುತ್ತಿತ್ತು.

‘ಅದು?’

‘ಅದು ಖಾಲಿ ಮನೆ.’

ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ತಂತಿಯ ಮೇಲೆ ಬೂದು ಸೀರೆಯೊಂದು ಒಣಗುತ್ತಿತ್ತು, ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಗೆಳತಿ ನನ್ನ ತೋಳು ಹಿಡಿದಳು. ಆ ಹೆಂಗಸು ಹೊಗೆಯನ್ನೂ ನೋಡಿದರು, ಸೀರೆಯನ್ನೂ ನೋಡಿದರು. ಕಣ್ಣು ಎಲ್ಲೂ ತಡೆಯಲಿಲ್ಲ. ‘ಬನ್ನಿ, ಕಾಫಿ ಆರಿಹೋಗುತ್ತೆ’ ಅಂದರು.

ಅವರನ್ನು ಮುಂದೆ ಕಳಿಸಿ, ಏನೋ ಮರೆತೆವು ಅಂತ ನೆಪ ಹೇಳಿ ನಾವು ಹಿಂದಕ್ಕೆ ಬಂದೆವು. ಹತ್ತಿರ ಹೋದ ಹಾಗೆ ಆ ಮನೆಯೊಳಗಿಂದ ಮಾತು ಕೇಳಿಸಿತು. ಒಬ್ಬಳದೇ ದನಿ. ಪ್ರಶ್ನೆ ಕೇಳುವುದು, ಸ್ವಲ್ಪ ಸುಮ್ಮನಿರುವುದು, ಆಮೇಲೆ ಅದೇ ದನಿಯಲ್ಲಿ ಉತ್ತರ. ‘ಸೌದೆ ಹಸಿ ಅಲ್ವಾ?’ ‘ಹಸಿ ಇರದೆ ಇನ್ನೇನು.’ ‘ಬಿಸಿಲು ಬಂದ್ರೆ ಒಣಗಿಸ್ಬೇಕು.’ ‘ಒಣಗಿಸೋಣ, ಒಣಗಿಸೋಣ.’ ಅಂಗಳದಲ್ಲೇ ನಿಂತುಬಿಟ್ಟೆವು. ಓಡಿಹೋಗೋಣ ಅಂತ ಗೆಳತಿ ಕಣ್ಣಲ್ಲೇ ಹೇಳಿದಳು.

ಅಷ್ಟರಲ್ಲಿ ಆಕೆ ಹೊರಗೆ ಬಂದಳು. ನಮ್ಮನ್ನು ಕಂಡು ಗಾಬರಿಯಾದವಳು ಆಕೆಯೇ. ಮೆಲ್ಲಗೆ ಹತ್ತಿರ ಬಂದು ನನ್ನ ಮಣಿಕಟ್ಟನ್ನು ಎರಡು ಬೆರಳಿಂದ ಮುಟ್ಟಿದಳು.

‘ನಿಂಗೆ ನಾನು ಕಾಣ್ತೀನಾ ಮಗ?’

‘ಕಾಣ್ತೀರ ಅಕ್ಕಾ.’

‘ಅವಳಿಗೂ?’

ಗೆಳತಿ ಹೌದು ಅಂತ ತಲೆಯಾಡಿಸಿದಳು. ಆಕೆ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತಳು.

ಆಕೆಯ ಕತೆ ಇಷ್ಟು. ಗಂಡ ತೀರಿಕೊಂಡ ಮೇಲೆ ಮೈದುನ ಗದ್ದೆ ಬಿಟ್ಟು ಹೋಗು ಅಂತ ಪೀಡಿಸಿದ. ಬಿಡಲಿಲ್ಲ ಅಂತ ಹೊಡೆದ; ಕೈ ಮುರಿಯಿತು. ಊರಲ್ಲೇ ಕೂತು ಬಗೆಹರಿಸೋಣ ಅಂತ ಯಜಮಾನರು ಅಂದರು. ಆಕೆ ಕಾದಳು. ಯಾರೂ ಕೂರಲಿಲ್ಲ. ಕಡೆಗೆ ಕೈಗೆ ಬಟ್ಟೆ ಕಟ್ಟಿಕೊಂಡು ಒಬ್ಬಳೇ ಸೋಮವಾರಪೇಟೆಗೆ ಹೋಗಿ ಸ್ಟೇಷನ್ನಿನಲ್ಲಿ ದೂರು ಕೊಟ್ಟಳು. ಬಸ್ಸಿಳಿದು ವಾಪಸು ಬರುವಷ್ಟರಲ್ಲಿ ಊರಿನ ಸಭೆ ಮುಗಿದಿತ್ತು. ಊರಿನ ನ್ಯಾಯ ಬೇಡ ಅಂದವಳು ಊರಿಗೂ ಬೇಡ. ಅವಳನ್ನು ಮಾತಾಡಿಸುವ ಹಾಗಿಲ್ಲ, ನೋಡುವ ಹಾಗಿಲ್ಲ. ನೋಡಿದವರಿಗೂ ಅದೇ ಗತಿ.

‘ಬೈದಿದ್ರೆ ತಡ್ಕೊಳ್ತಿದ್ದೆ’ ಅಂದಳು. ‘ಮೊದಮೊದಲು ನಾನೇ ಕೂಗಾಡ್ದೆ. ಅಂಗಡಿ ಮುಂದೆ ನಿಂತು ಉಪ್ಪು ಕೊಡಪ್ಪ ಅಂತ ಕೂಗಿದ್ರೆ, ಅಂಗಡಿಯವ್ನು ನನ್ ಹಿಂದಿದ್ದವರ ಹತ್ರ ವ್ಯಾಪಾರ ಮಾಡೋನು. ನಲ್ಲಿ ಹತ್ರ ಹೋದ್ರೆ ಎಲ್ರೂ ಒಂದು ಮಾರು ದೂರ ಸರಿದು, ಮಳೆ ಬರುತ್ತೇನೋ ಅಂತ ಮೇಲೆ ನೋಡೋರು. ಆಮೇಲಾಮೇಲೆ ನಂಗೇ ಅನುಮಾನ ಬಂತು. ಕೈ ಮುರಿದ ದಿನವೇ ನಾನು ಸತ್ತಿದ್ರೆ? ಸತ್ತೋರಿಗೆ ಗೊತ್ತಾಗಲ್ವಂತಲ್ಲ. ಕನ್ನಡಿ ನೋಡ್ಕೊಳ್ತಿದ್ದೆ. ದನಿ ಹೋಗಿಬಿಡುತ್ತೆ ಅಂತ ಒಬ್ಳೇ ಮಾತಾಡೋದು ಕಲಿತೆ. ಸಂತೆ ದಿನ ಪೇಟೆಗೆ ಹೋಗಿ, ಬೇಡದ ಸಾಮಾನಿಗೆಲ್ಲ ರೇಟು ಕೇಳ್ತೀನಿ. ಯಾರಾದ್ರೂ ಏನಮ್ಮ, ಏನು ಬೇಕು ಅಂತಾರಲ್ಲ, ಅದನ್ನ ಕೇಳಿಸ್ಕೊಂಡು ಬರ್ತೀನಿ.’

ನಾವು ಮೇಡಂಗೆ ಹೇಳಿದೆವು. ಅವರು ಕೂಡಲೇ ಯಜಮಾನರ ಮನೆಗೆ ಹೊರಟರು, ಆಕೆಯನ್ನೂ ಜೊತೆಗೆ ಕರೆದುಕೊಂಡು. ನಾನೂ ಹೋದೆ. ಯಜಮಾನರು ಚಾಪೆ ಹಾಸಿಸಿದರು. ಅಲ್ಲಿದ್ದವರಿಗೆಲ್ಲ ಕಾಫಿ ಬಂತು. ಆಕೆಗೆ ಬರಲಿಲ್ಲ.

‘ಈ ಹೆಣ್ಣುಮಗಳಿಗೆ ಯಾಕೆ ಹೀಗೆ ಮಾಡ್ತಿದೀರಿ?’ ಅಂತ ಮೇಡಂ ಕೇಳಿದರು.

‘ಯಾವ ಹೆಣ್ಣುಮಗಳಿಗೆ ತಾಯಿ?’

ನಟನೆ ಅಂತ ನನಗೆ ಅನ್ನಿಸಲಿಲ್ಲ, ಅದೇ ಭಯ ಹುಟ್ಟಿಸಿದ್ದು. ಆಕೆ ಅವರ ಎದುರಿಗೇ ಕೂತಿದ್ದಳು. ಅವರ ನೋಟ ಆಕೆಯ ಮುಖದ ಮೂಲಕ ಹಾದು ಹಿಂದಿನ ಗೋಡೆಗೆ ತಗಲುತ್ತಿತ್ತು. ಒಂದು ಗಳಿಗೆ ನಾನೂ ಪಕ್ಕಕ್ಕೆ ತಿರುಗಿ, ಆಕೆ ಇದ್ದಾಳೋ ಇಲ್ಲವೋ ಅಂತ ನೋಡಿದೆ.

ಬಹಿಷ್ಕಾರಕ್ಕೆಂದೇ ಪ್ರತ್ಯೇಕ ಕಾನೂನು ನಮ್ಮ ರಾಜ್ಯದಲ್ಲಿ ಆಗ ಇರಲಿಲ್ಲ. ಆದರೂ ದಾರಿಯಿಲ್ಲದೆ ಇರಲಿಲ್ಲ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಆಕೆಯಿಂದ ರುಜು ಹಾಕಿಸಿ, ಮೇಡಂ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರು. ರುಜು ಹಾಕುವಾಗ ಆಕೆ ತನ್ನ ಹೆಸರನ್ನು ಜೋರಾಗಿ ಓದಿಕೊಂಡಳು. ಶಿಬಿರ ಮುಗಿಯುವ ಮುಂಚೆಯೇ ನ್ಯಾಯಾಧೀಶರು, ತಹಸೀಲ್ದಾರರು, ಪೊಲೀಸರು ಬಂದು ಅದೇ ಸಮುದಾಯ ಭವನದಲ್ಲಿ ಊರವರನ್ನು ಕೂರಿಸಿದರು. ನೀರು, ಅಂಗಡಿ, ದೇವಸ್ಥಾನ, ಯಾವುದನ್ನೂ ಆಕೆಗೆ ತಡೆಯುವ ಹಾಗಿಲ್ಲ, ತಡೆದರೆ ಕೇಸು ಅಂತ ಖಡಾಖಂಡಿತವಾಗಿ ಹೇಳಿದರು.

‘ಮಾತಾಡ್ಸೋದು ಬಿಡೋದು ಅವರವರ ಮನಸ್ಸಲ್ವಾ ಸ್ವಾಮಿ?’ ಅಂದರು ಯಜಮಾನರು.

‘ಹೆದರಿಸಿ ಬಾಯಿ ಮುಚ್ಚಿಸಿದ್ರೆ ಅದು ಮನಸ್ಸಲ್ಲ, ಅಪರಾಧ’ ಅಂದರು ನ್ಯಾಯಾಧೀಶರು.

ಊರವರು ತಲೆಯಾಡಿಸಿದರು. ನಾವು ಗೆದ್ದೆವು ಅಂದುಕೊಂಡು ಬಸ್ಸು ಹತ್ತಿದೆವು.

ಸ್ವಲ್ಪ ಕಾಲದ ಮೇಲೆ, ಆಕೆ ಹೇಗಿದ್ದಾಳೆ ನೋಡಿಕೊಂಡು ಬನ್ನಿ ಅಂತ ಮೇಡಂ ನಮ್ಮಿಬ್ಬರನ್ನು ಕಳಿಸಿದರು. ನಿಚ್ಚಳವಾದ ಬಿಸಿಲು, ಕಾಫಿ ಹೂ ಬಿಟ್ಟು ಊರೆಲ್ಲ ಘಮಘಮ. ಆಕೆ ಬಸ್ಸಿನ ಹತ್ತಿರವೇ ಬಂದು ಕಾಯುತ್ತಿದ್ದಳು. ಮೂವರೂ ಊರೊಳಗೆ ನಡೆದೆವು. ಮೊದಲ ಮನೆಯ ಜಗಲಿಯಿಂದ ಒಬ್ಬಾಕೆ ಎದ್ದು ನಿಂತು ‘ಊಟ ಆಯ್ತಾ?’ ಅಂತ ಕೇಳಿದರು. ನನಗೆ ಖುಷಿಯಾಯಿತು. ಎರಡನೆಯ ಮನೆಯ ಗಂಡಸು ಎದ್ದು ನಿಂತು ‘ಊಟ ಆಯ್ತಾ?’ ಅಂದರು. ನಲ್ಲಿಯ ಹತ್ತಿರ ಇದ್ದವರು ಕೊಡ ಕೆಳಗಿಟ್ಟು, ಒಬ್ಬೊಬ್ಬರಾಗಿ, ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು: ‘ಊಟ ಆಯ್ತಾ?’ ‘ಊಟ ಆಯ್ತಾ?’ ಅದೇ ದನಿ, ಅದೇ ಏರಿಳಿತ. ಯಾರೂ ಉತ್ತರಕ್ಕೆ ಕಾಯಲಿಲ್ಲ. ಕಣ್ಣುಗಳು ಮಾತ್ರ ಆಕೆಯನ್ನು ಹಾದು ಆಚೆ ಎಲ್ಲೋ ಇದ್ದವು. ಅಂಗಡಿಯವನು ಉಪ್ಪು ಕಟ್ಟಿಕೊಟ್ಟು, ಗಾಳಿಗೆ ಹೇಳುವ ಹಾಗೆ ಅದನ್ನೇ ಹೇಳಿದ. ಮಕ್ಕಳಿಗೂ ಹೇಳಿಕೊಟ್ಟಿದ್ದರು. ಶಾಲೆ ಬಿಟ್ಟು ಬರುತ್ತಿದ್ದವರು ಆಕೆಯನ್ನು ಕಂಡ ಕೂಡಲೇ ಸಾಲಾಗಿ ನಿಂತು ಒಟ್ಟಿಗೇ ಕೂಗಿದರು.

ಹೊತ್ತು ಬೆಳಿಗ್ಗೆ ಇರಲಿ, ಸಂಜೆ ಇರಲಿ, ಇದೊಂದೇ ಮಾತಂತೆ. ಮಾತಾಡಿಸಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲವಲ್ಲ.

‘ಮುಂಚೆಯೇ ವಾಸಿಯಿತ್ತು’ ಅಂತ ಆಕೆ ಮನೆ ಸೇರಿದ ಮೇಲೆ ಹೇಳಿದಳು. ‘ಈಗ ದೆವ್ವಕ್ಕೆ ಎಡೆ ಇಟ್ಟ ಹಾಗೆ ನನ್ ಮುಂದೆ ಒಂದು ಮಾತು ಇಡ್ತಾರೆ.’ ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಏನೂ ಇರಲಿಲ್ಲ. ಎಲ್ಲಾದರೂ ಬೇರೆ ಕಡೆ ಹೋಗಿಬಿಡಿ, ನಮ್ಮ ಮನೆಯ ಹತ್ತಿರ ಕೆಲಸ ಹುಡುಕೋಣ ಅಂದೆ. ಆಕೆ ಗದ್ದೆಯ ಕಡೆ ನೋಡುತ್ತಾ ‘ನಾನು ಹೋದ್ರೆ ಅವರು ಹೇಳಿದ್ದೇ ನಿಜ ಆಗುತ್ತಲ್ವಾ’ ಅಂದಳು. ಸಂಜೆ ಬಸ್ಸಿಗೆ ನಡೆಯುವಾಗ ಗೆಳತಿ ಕಿವಿಗೆ ಶಾಲು ಸುತ್ತಿಕೊಂಡಿದ್ದಳು. ಚಳಿಯೇನೂ ಇರಲಿಲ್ಲ.

ಓದು ಮುಗಿಸಿ, ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದ ಮೇಲೆ ನಾನು ಇನ್ನೊಮ್ಮೆ ಆ ಊರಿಗೆ ಹೋದೆ. ಮೈದುನನ ಜೊತೆಗಿನ ಗದ್ದೆಯ ಕೇಸನ್ನು ಆಕೆಯ ಪರವಾಗಿ ಅವರೇ ನಡೆಸುತ್ತಿದ್ದರು, ಅದಕ್ಕೆ ಆಕೆಯ ಹೇಳಿಕೆ ಬೇಕಿತ್ತು. ದಾರಿಯುದ್ದಕ್ಕೂ ಆ ಎರಡು ಪದ ಕೇಳಬೇಕಲ್ಲ ಅಂತ ಹೆದರಿಕೊಂಡೇ ಬಸ್ಸಿಳಿದೆ. ಕಾಫಿ ಗಿಡ ದಾಟುವಷ್ಟರಲ್ಲಿ ಕಿರುಚಾಟ ಕೇಳಿಸಿತು. ಓಡಿದೆ.

ಬೇಲಿಯ ಈಚೆಗೆ ಆಕೆ, ಆಚೆಗೆ ಅಂದು ನಮಗೆ ದಾರಿ ತೋರಿಸಿದ್ದ ಹೆಂಗಸು. ಆಕೆಯ ಕೋಳಿಗಳು ಬೇಲಿ ನುಗ್ಗಿ ಆ ಹೆಂಗಸಿನ ಸೊಪ್ಪಿನ ಮಡಿಯನ್ನೆಲ್ಲ ಕೆದಕಿ ಹಾಕಿದ್ದವು.

‘ಕಣ್ಣು ಕಾಣಲ್ವೇನೇ ನಿಂಗೆ? ಕೋಳಿ ಕಟ್ಟಕ್ಕೆ ಬರ್ದಿದ್ರೆ ಯಾಕೆ ಸಾಕ್ತೀಯ?’ ಅಂತ ಆ ಹೆಂಗಸು ನೇರವಾಗಿ ಆಕೆಯ ಮುಖ ನೋಡಿಕೊಂಡು ಅರಚುತ್ತಿದ್ದರು. ಸಿಟ್ಟಿನಲ್ಲಿ ಕುತ್ತಿಗೆಯ ನರ ಉಬ್ಬಿತ್ತು. ತಾವೇನು ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗಿರಲಿಲ್ಲ ಅಂತ ಕಾಣುತ್ತದೆ.

‘ನಿನ್ ಬೇಲಿ ನೆಟ್ಟಗಿದ್ರೆ ನನ್ ಕೋಳಿ ಯಾಕೆ ಬರ್ತವೆ? ನಾಯಿ ನುಗ್ಗೋ ಬೇಲಿ ಇಟ್ಕೊಂಡು ನಂಗೆ ಹೇಳ್ತೀಯ?’

ಆಕೆಯ ದನಿ ಗಂಟೆ ಹೊಡೆದ ಹಾಗಿತ್ತು. ಕೆಳಗಿನ ದಾರಿಯಲ್ಲಿ ಯಜಮಾನರು ಕೋಲೂರಿಕೊಂಡು ಹೋಗುತ್ತಿದ್ದರು. ನಿಂತರು. ಬೇಲಿಯಾಚೆಯ ಹೆಂಗಸು ಅವರನ್ನು ಕಂಡು ಒಂದು ಕ್ಷಣ ಬಾಯಿ ಮುಚ್ಚಿದರು. ಮುಖದ ಬಣ್ಣ ಇಳಿದುಹೋಯಿತು. ಆಮೇಲೆ ಕೆದಕಿ ಹೋದ ಮಡಿಯ ಕಡೆ ನೋಡಿ, ಇನ್ನೂ ಜೋರಾಗಿ ಶುರುಮಾಡಿದರು. ಯಜಮಾನರು ತಲೆ ತಗ್ಗಿಸಿಕೊಂಡು ಮುಂದೆ ಹೋದರು.

ಆಕೆ ನನ್ನ ಕಡೆ ತಿರುಗಿದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು.

‘ಜಗಲಿ ಮೇಲೆ ಕೂತ್ಕೊ ಮಗ. ಇವಳ ಹತ್ರ ನನ್ ಜಗಳ ಇನ್ನೂ ಮುಗ್ದಿಲ್ಲ’ ಅಂದಳು.