ಉಳುಕಲ್ಲದ ನೋವು

ಕಡಲಿನಿಂದ ಬಂದವರು ಚಹಾ ಬೇಡ ಎಂದರು.

ನನ್ನ ಗಂಡ ಚಹಾ ಬೇಡ ಎನ್ನುವ ಜಾತಿಯವರಲ್ಲ. ತೆಂಗಿನಗುಂಡಿಯಿಂದ ಬೋಟಿನಲ್ಲಿ ಮೀನು ಹಿಡಿಯಲು ಹೋಗಿ ಬಂದರೆ ಕಾಲು ತೊಳೆಯುವ ಮೊದಲೇ ಲೋಟ ಕೇಳುವವರು. ಅವತ್ತು ಬೆಳಿಗ್ಗೆ ಜಗುಲಿಯ ಕಂಬಕ್ಕೆ ಒರಗಿ ಕೂತುಬಿಟ್ಟರು.

"ಎಂತ ಆತು?" ಎಂದೆ.

"ಎಂತ ಇಲ್ಲ. ಬಲೆ ಎಳೆವಾಗ ಬೆನ್ನು ಉಳುಕಿದ್ದು ಕಾಣ್ತದೆ. ಎದೆಗೂ ಹಿಡ್ದದೆ."

ಉಳುಕಿನ ವಿಷಯ ನಮ್ಮ ಮನೆಗೆ ಹೊಸದಲ್ಲ. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಇದನ್ನು ಪೂರ್ತಿ ನಂಬಿದ್ದೇನೆ ಎಂದರೆ ಸುಳ್ಳಾಗುತ್ತದೆ. ಆದರೂ ಬರಿ ಹೊಟ್ಟೆಯಲ್ಲಿ ಬಂದು ಹೊಸ್ತಿಲ ಬಳಿ ಕವುಚಿ ಮಲಗಿದವರನ್ನು ಎದ್ದು ಹೋಗಿ ಎನ್ನುವುದು ಹೇಗೆ? ಊರಿನ ಬೆನ್ನುಗಳೆಲ್ಲ ನನ್ನ ಕಾಲಿಗೆ ಪರಿಚಯ. ಒಂದನ್ನು ಬಿಟ್ಟು. ಗಂಡನ ಮೈಗೆ ಹೆಂಡತಿ ಕಾಲು ತಾಗಿಸುವುದುಂಟೆ?

ಇದೇ ಚರ್ಚೆ ಶುರುವಾಯಿತು.

"ಶಿರಾಲಿಲಿ ಒಬ್ಬ ಇದ್ದಾನಂತೆ, ಅವ್ನೂ ಕಾಲು ಮುಂದಾಗಿ ಹುಟ್ಟಿದವ್ನೇ. ಹೇಳಿ ಕಳ್ಸುವ" ಎಂದರು ಅತ್ತೆ.

"ಅಲ್ಲಿವರೆಗೆ ಇವರು ಹೀಗೇ ಕೂತಿರುದಾ?" ಎಂದೆ ನಾನು.

ನಾನು ಬಿಸಿ ಎಣ್ಣೆ ತಿಕ್ಕಿದೆ. ಜೀರಿಗೆ ಕಷಾಯ ಕೊಟ್ಟೆ. ಅದು ವಾಂತಿಯಾಯಿತು. ಪಿತ್ತ ಇರಬೇಕು ಎಂದುಕೊಂಡೆವು. ನನಗೆ ಕಾಲು ತಾಗಿಸಲು ಅಂಜಿಕೆ, ಅತ್ತೆಗೆ ತಾಗಿಸು ಎನ್ನಲು ಅಂಜಿಕೆ. ಡಾಕ್ಟರ ಹೆಸರು ನಮ್ಮಿಬ್ಬರ ಬಾಯಿಗೂ ಬರಲಿಲ್ಲ. ಉಳುಕಿಗೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೆ? ನೋವಿಗೆ ಉಳುಕು ಎಂದು ನಾವು ಹೆಸರಿಟ್ಟಾಗಿತ್ತು. ಹೆಸರಿಟ್ಟ ಮೇಲೆ ಬೇರೆ ಯೋಚನೆಗೆ ಬಾಗಿಲು ಹಾಕಿದ ಹಾಗೆ.

ಕೊನೆಗೆ ಅತ್ತೆಯೇ ಸೋತರು. "ತಾಗ್ಸು ಮಾರಾಯ್ತಿ. ದೋಷ ಇದ್ರೆ ನಂಗೆ ಬರ್ಲಿ" ಎಂದು ಅತ್ತ ಮುಖ ತಿರುಗಿಸಿದರು.

ಇವರು ಕವುಚಿ ಮಲಗಿದರು. ನಾನು ದೇವರಿಗೆ ಕೈ ಮುಗಿದು ಬೆನ್ನಿಗೆ ಕಾಲು ಇಟ್ಟೆ.

ಬೆನ್ನು ತಣ್ಣಗಿತ್ತು. ಒದ್ದೆಯಾಗಿತ್ತು.

ಕಾಲು ತೆಗೆದು ನೋಡಿದರೆ ಅಂಗಾಲಿಡೀ ಬೆವರು. ಉಳುಕಿದವರು ಹಾಗಿರುವುದಿಲ್ಲ. ನೋವಿನ ಜಾಗಕ್ಕೆ ಕಾಲು ಹತ್ತಿರ ತಂದರೇ ಅಯ್ಯಯ್ಯೋ ಎನ್ನುತ್ತಾರೆ, ಮಗ್ಗುಲು ಬದಲಿಸಲು ಒದ್ದಾಡುತ್ತಾರೆ. ಇವರು ಸಲೀಸಾಗಿ ಕವುಚಿ ಮಲಗಿದ್ದರು. ಎಲ್ಲಿ ಒತ್ತಿದರೂ ನೋವು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಎಡಗೈ ಮಾತ್ರ ತಿಕ್ಕಿಕೊಳ್ಳುತ್ತಿದ್ದರು.

"ಅತ್ತೆ, ಇದು ಉಳುಕಲ್ಲ."

ನನ್ನ ಸ್ವರ ನನಗೇ ಬೇರೆ ಯಾರದೋ ಅನ್ನಿಸಿತು. ಓಡಿದೆ. ಬಂದರಿನಲ್ಲಿ ಮೀನು ತುಂಬುತ್ತಿದ್ದ ಖಾದರಣ್ಣನ ಟೆಂಪೊ ನಿಂತಿತ್ತು. ತುಂಬುವುದನ್ನು ಅರ್ಧಕ್ಕೇ ನಿಲ್ಲಿಸಿ ಗಾಡಿ ತಂದ ಪುಣ್ಯಾತ್ಮ. "ಅಕ್ಕ, ಅವರನ್ನು ನಡೆಸಬೇಡಿ, ಎತ್ತಿಕೊಳ್ಳುವ" ಎಂದು ತಾನೇ ಇವರ ಭುಜ ಹಿಡಿದ. ಐಸು ಕರಗಿ ಸೋರುತ್ತಿದ್ದ ಗಾಡಿಯಲ್ಲಿ, ಬಂಗಡೆಯ ವಾಸನೆಯಲ್ಲಿ, ಭಟ್ಕಳದ ಆಸ್ಪತ್ರೆ ಮುಟ್ಟಿದೆವು.

ಇ.ಸಿ.ಜಿ. ತೆಗೆದರು. ಡಾಕ್ಟರು ಆ ಕಾಗದ ನೋಡುತ್ತಲೇ ಸಿಸ್ಟರನ್ನು ಕರೆದರು.

ಹಾರ್ಟ್ ಅಟ್ಯಾಕ್.

ಒಂದು ಮಾತ್ರೆ ಜಗಿಯಲು ಕೊಟ್ಟರು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಹಾಕಿದರು. ಆಮೇಲೆ ನನ್ನನ್ನು ಹೊರಗೆ ಕರೆದು, "ನೋವು ಯಾವಾಗ ಶುರುವಾಯಿತು?" ಎಂದು ಕೇಳಿದರು.

"ಬೆಳಿಗ್ಗೆ, ಬೋಟಿನಲ್ಲೇ."

"ಇಷ್ಟು ಹೊತ್ತು ಏನು ಮಾಡಿದಿರಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಅವರು ಬೈಯಲಿಲ್ಲ. "ಎದೆ ನೋವು ಬಂದು ಬೆವರು, ವಾಂತಿ, ಕೈ ನೋವು ಇದ್ದರೆ ಅದಕ್ಕೆ ನೀವು ಹೆಸರು ಇಡಬೇಡಿ. ಇಲ್ಲಿಗೆ ತನ್ನಿ. ಹೆಸರು ನಾವು ಇಡುತ್ತೇವೆ. ಇನ್ನೂ ತಡ ಮಾಡಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ" ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಮಣಿಪಾಲಕ್ಕೆ. ನನ್ನನ್ನು ಐ.ಸಿ.ಯು. ಒಳಗೆ ಬಿಟ್ಟಾಗ ಇವರು ಕಣ್ಣು ತೆರೆದಿದ್ದರು. ಕೈ ಹಿಡಿದೆ. ಮೈ ಬೆಚ್ಚಗಿತ್ತು. ಜೀವ ಇರುವ ಮೈ ಬೆಚ್ಚಗಿರುತ್ತದೆ ಎಂಬುದು ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಆ ಬಿಸುಪಿಗೆ ಎಷ್ಟು ಕೈ ಮುಗಿದರೂ ಸಾಲದು ಅನ್ನಿಸಿತು.

"ನಂಗೆ ಗೊತ್ತಿತ್ತು" ಎಂದರು ಮೆಲ್ಲಗೆ.

"ಎಂತದು?"

"ಉಳುಕಲ್ಲ ಅಂತ. ಅಪ್ಪ ಹೋದದ್ದೂ ಹೀಗೇ, ಎದೆ ಹಿಡ್ಕೊಂಡು. ಹೆದ್ರಿಕೆ ಆತು. ಅದ್ಕೇ ಉಳುಕು ಅಂದೆ."

ಕೋಪ ಬರಬೇಕಿತ್ತು. ಬರಲಿಲ್ಲ. ನಾವು ಅತ್ತೆ ಸೊಸೆ ಕಾಲಿನ ನ್ಯಾಯ ಮಾಡುತ್ತಿದ್ದಾಗ ಈ ಮನುಷ್ಯ ಕಂಬಕ್ಕೆ ಒರಗಿ, ತನ್ನ ಅಪ್ಪನ ಸಾವನ್ನು ನೆನೆಯುತ್ತಾ ಒಬ್ಬನೇ ಕೂತಿದ್ದ.

ಈಗ ಮನೆಯಲ್ಲಿದ್ದಾರೆ. ಸಪ್ಪೆ ಸಾರು, ಹೊತ್ತು ಹೊತ್ತಿಗೆ ಮಾತ್ರೆ. ಬೋಟಿಗೆ ಹೋಗುವುದಿಲ್ಲ. ಬಂದರಿಗೆ ಹೋಗಿ, ಕಡಲಿಗೆ ಇಳಿಯುವವರಿಗೆ ಬುದ್ಧಿ ಹೇಳಿ ಬರುತ್ತಾರೆ. ಮುಂದೆ ಹೇಗೋ, ಯಾರು ಬಲ್ಲರು? ಇವತ್ತಿನ ದಿನ ಇದೆ.

ಮೊನ್ನೆ ಊಟಕ್ಕೆ ಕೂತವರು ತುತ್ತು ಬಾಯಿಗಿಡುವ ಮೊದಲು ಕೈ ತಡೆದರು. ನನ್ನ ಮುಖ ನೋಡಿದರು. "ಎದೇಲಿ ಎಂತದೋ ಆಗ್ತದೆ. ನಂಗೆ ಹೆದ್ರಿಕೆ ಆಗ್ತದೆ" ಎಂದರು. ಬಟ್ಟಲನ್ನು ಹಾಗೇ ಬಿಟ್ಟು ಎದ್ದೆವು. ಅತ್ತೆ ಯಾವುದೇ ಕಷಾಯದ ಸುದ್ದಿ ಎತ್ತದೆ ರಿಕ್ಷಾ ಕರೆಯಲು ಓಡಿದರು. ಭಟ್ಕಳದಲ್ಲಿ ಎಲ್ಲ ನೋಡಿ, "ಗ್ಯಾಸು, ಹೆದರಬೇಡಿ. ಬಂದದ್ದು ಒಳ್ಳೆಯದಾಯಿತು" ಎಂದರು ಡಾಕ್ಟರು.

ಮನೆಗೆ ಬಂದಾಗ ಬಟ್ಟಲಿನ ಮೀನನ್ನು ಬೆಕ್ಕು ತಿಂದು ಮುಗಿಸಿತ್ತು. ತಣ್ಣಗಾದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಮೂವರೂ ಕೂತು ಉಂಡೆವು. ಅಷ್ಟು ರುಚಿಯಾದ ಊಟ ನಾನು ಈಚೆಗೆ ಉಂಡಿರಲಿಲ್ಲ.