ಹುಳುಕಿನ ಮೇಲೆ ಸಿಮೆಂಟು

“ನನಗೆ ಹೇಸಿಗೆ ಅನ್ನೋದೇ ಇಲ್ಲ ಅಂದ್ಕೊಂಡಿದ್ದೆ ಕಣೇ. ಇಪ್ಪತ್ತೆರಡು ವರ್ಷ ಹಲ್ಲಿನ ಡಾಕ್ಟ್ರ ಹತ್ರ ಕೆಲಸ. ಜನ ಉಗಿದ ರಕ್ತ, ಕೀವು, ಕಿತ್ತ ಹಲ್ಲಿನ ಬೇರಿಗೆ ಅಂಟ್ಕೊಂಡಿರೋ ಮಾಂಸ, ಎಲ್ಲ ತೊಳೆದಿದೀನಿ. ಆಮೇಲೆ ಕೈ ತೊಳ್ಕೊಂಡು ಊಟಾನೂ ಮಾಡಿದೀನಿ. ಒಬ್ಬ ಮನುಷ್ಯ, ಕೋಟು ಟೈ ಹಾಕ್ಕೊಂಡು ಬಂದಿದ್ದ, ಬಾಯಿ ತೆಗೆದ್ರೆ ಡಾಕ್ಟ್ರೇ ಎರಡು ಹೆಜ್ಜೆ ಹಿಂದೆ ಹೋದ್ರು. ನಾನು ನಿಂತಲ್ಲಿಂದ ಅಲ್ಲಾಡ್ಲಿಲ್ಲ. ಬಾಯಿ ತಾನೇ, ಪಾಪ, ನೋವಿದ್ದಾಗ ಉಜ್ಜೋಕಾಗಲ್ಲ. ಆದ್ರೆ ಆವತ್ತು ಗಿಡದ ಹೊಟ್ಟೆಗೆ ಬಳಿದಿದ್ದ ಸಿಮೆಂಟು ನೋಡಿದೆ ನೋಡು, ತಿಂದಿದ್ದೆಲ್ಲ ಗಂಟಲಿಗೆ ಬಂತು. ನೆನೆಸ್ಕೊಂಡ್ರೆ ಈಗ್ಲೂ ಬರುತ್ತೆ. ಆ ನೀರಿನ ಚೆಂಬು ಸ್ವಲ್ಪ ಈ ಕಡೆ ಕೊಡು.”

ಆಯಮ್ಮ ಇದನ್ನು ಹೇಳಿದ್ದು ತನ್ನ ನಾದಿನಿಗೆ. ಆಯಮ್ಮನಿಗೂ ಒಂದು ಹೆಸರಿದೆ, ಆದರೆ ದವಾಖಾನೆಯಲ್ಲಿ ಅದನ್ನು ಕರೆದವರಿಲ್ಲ. ಡಾಕ್ಟರಿಗೂ ರೋಗಿಗಳಿಗೂ ಅವಳು ಆಯಮ್ಮ. ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವ ಮೇಸ್ತ್ರಿಗೆ ಮಾತ್ರ ಅಕ್ಕ. ಮುಂದೆ ಬೆಂಚು ಹಾಕಿದ ಹಾಲ್, ನಡುವೆ ರೋಗಿಯನ್ನು ಮಲಗಿಸುವ ಕುರ್ಚಿಯ ಕೋಣೆ, ಅದರ ಹಿಂದೆ ಮೇಸ್ತ್ರಿಯ ಕೋಣೆ. ಇಷ್ಟೇ ದವಾಖಾನೆ. ಬಿಸಿಲು ಬೀಳುವುದು ಮೇಸ್ತ್ರಿಯ ಕಿಟಕಿಗೆ ಮಾತ್ರ.

ಮೊದಲು ಕಾಂಪೌಂಡಿನ ಗೋಡೆಯ ಮೇಲೆ ಒಂದು ಬೋಗನ್‌ವಿಲ್ಲಾ ಹಬ್ಬಿಕೊಂಡಿತ್ತು. ಆಯಮ್ಮ ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿದ್ದದ್ದು ಅದರ ನೆರಳಲ್ಲಿ. ಹನ್ನೊಂದು ವರ್ಷದ ಹಿಂದೆ ಡಾಕ್ಟರು ಕಾರು ನಿಲ್ಲಿಸಲು ಜಾಗ ಬೇಕೆಂದು ಅದನ್ನು ಕಡಿಸಿ ಹಾಕಿದರು. ಮೊಣಕಾಲಿನಷ್ಟು ದಪ್ಪದ ಬುಡ, ಎಲೆಯಿಲ್ಲ, ಬೇರಿಲ್ಲ, ಕಸದ ಗಾಡಿಗೆ ಕಾದು ಬಿದ್ದಿತ್ತು. ಆಯಮ್ಮ ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಳಗೆ ತಂದಳು.

“ಅಕ್ಕ, ಕಿತ್ತ ಹಲ್ಲು ಮತ್ತೆ ಒಸಡಿಗೆ ಕೂರುತ್ತಾ?” ಎಂದು ಮೇಸ್ತ್ರಿ ನಕ್ಕಿದ್ದ.

“ಕೂರಿಸೋರು ನೆಟ್ಟಗಿದ್ರೆ ಕೂರುತ್ತೆ. ನೀನು ಬಾಯಿ ಮುಚ್ಕೊಂಡು ಈ ತಟ್ಟೆಗೆ ನಾಲ್ಕು ತೂತು ಕೊರೆದು ಕೊಡು.”

ತುಕ್ಕು ಹಿಡಿದು ಮೂಲೆಗೆ ಸೇರಿದ್ದ ಸಲಕರಣೆ ಕುದಿಸುವ ತಟ್ಟೆ ಅದು. ಅದರಲ್ಲಿ ಮರಳು ಹಾಕಿ ಬುಡ ನೆಟ್ಟು ಮೇಸ್ತ್ರಿಯ ಕಿಟಕಿಯಲ್ಲಿಟ್ಟಳು. ಚಿಗುರು ಬಂದ ಮೇಲೂ ಅಲ್ಲಾಡಿಸಲಿಲ್ಲ, ಈ ಗಿಡದ ಬೇರು ಕೂದಲಿನಂಥದು, ಮುಟ್ಟಿದರೆ ಮುನಿಯುತ್ತದೆ. ಉಳಿದದ್ದನ್ನೆಲ್ಲ ನೋಡಿ ನೋಡಿಯೇ ಕಲಿತಳು. ಎಲೆಯ ತುದಿ ಬಾಗುವ ತನಕ ನೀರು ಕೊಡಬಾರದು, ಕೊಟ್ಟರೆ ಬರೀ ಎಲೆ. ಹೂ ಉದುರಿದ ಮೇಲೆ ರೆಂಬೆಗೆ ಎರಡೆಲೆ ಬಿಟ್ಟು ಕತ್ತರಿಸಬೇಕು. ಬಲಿತ ರೆಂಬೆ ಬಗ್ಗಿಸಿದರೆ ಪಟ್ಟೆಂದು ಮುರಿಯುತ್ತದೆ, ಹಸಿರಿರುವಾಗಲೇ ಕಟ್ಟಿ ಎಳೆಯಬೇಕು. ಕಟ್ಟುವುದಕ್ಕೆ ಡಾಕ್ಟರು ಹಾಕಿಕೊಳ್ಳುವಾಗ ಹರಿದುಹೋದ ಕೈಗವಸಿನ ಪಟ್ಟಿ.

ಆ ಗಿಡಕ್ಕಿದ್ದ ಒಂದೇ ಕಾಯಿಲೆ ಹೊಟ್ಟೆಯದು. ಕೊಡಲಿ ಬಿದ್ದ ಕಡೆ ಕಾಂಡ ಒಳಗಿಂದ ಕೊಳೆಯುತ್ತಿತ್ತು. ಮೊಂಡಾಯಿತೆಂದು ಡಾಕ್ಟರು ಎಸೆದ ಕೊಕ್ಕೆಯಿಂದ, ಹಲ್ಲಿನ ಪಾಚಿ ಕೆರೆಯುತ್ತಾರಲ್ಲ ಅದರಿಂದ, ವರ್ಷಕ್ಕೊಮ್ಮೆ ಮಳೆ ನಿಂತ ಮೇಲೆ ಆಯಮ್ಮ ಕೊಳೆತದ್ದನ್ನು ಕೆರೆದು ತೆಗೆಯುತ್ತಿದ್ದಳು. ಗಟ್ಟಿ ಮರ ಸಿಕ್ಕಿ ಕೊಕ್ಕೆ ಕಿರ್ರೆನ್ನುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಬಿಸಿಲಿಗೆ ಒಡ್ಡಿ ಒಣಗಿಸುತ್ತಿದ್ದಳು. ಹಾಗಾಗಿ ಕಾಂಡದ ನಡುವೆ ಮುಷ್ಟಿ ಹೋಗುವಷ್ಟು ಪೊಟರೆ ಇತ್ತು. ಗೇಣುದ್ದದ ಮುದಿ ಮರ, ಹೊಟ್ಟೆಯಲ್ಲಿ ಪೊಟರೆ, ತಲೆ ತುಂಬ ಗುಲಾಬಿ ಬಣ್ಣ. ಡಾಕ್ಟರು ಇಷ್ಟು ವರ್ಷದಲ್ಲಿ ಅದರ ಬಗ್ಗೆ ಆಡಿದ್ದು ಒಂದೇ ಮಾತು: “ಸೊಳ್ಳೆ ಬರದ ಹಾಗೆ ನೋಡ್ಕೋ.”

ಹೋದ ಮಳೆಗಾಲದ ಕೊನೆಯಲ್ಲಿ ತೋಟಗಾರಿಕೆ ಸಂಘದ ಅಧ್ಯಕ್ಷೆ ದವಡೆ ನೋವೆಂದು ಬಂದರು. ಕುರ್ಚಿಯಲ್ಲಿ ಒರಗಿದವರು ತೆರೆದ ಬಾಗಿಲಿನಿಂದ ಮೇಸ್ತ್ರಿಯ ಕಿಟಕಿ ನೋಡಿ, ಬಾಯಿಯೊಳಗಿನ ಹತ್ತಿಯನ್ನೂ ತೆಗೆಸಿ, “ಅದು ಯಾರು ಬೆಳೆಸಿದ್ದು?” ಎಂದು ಕೇಳಿದರು.

“ಏನೋ ನನ್ನದೊಂದು ಹುಚ್ಚು, ಮೇಡಂ. ಹನ್ನೊಂದು ವರ್ಷ ಆಯ್ತು,” ಎಂದರು ಡಾಕ್ಟರು. ವರ್ಷದ ಲೆಕ್ಕ ಮಾತ್ರ ಸರಿಯಾಗಿತ್ತು.

ಪಕ್ಕದಲ್ಲಿ ನಿಂತಿದ್ದ ಆಯಮ್ಮ ಎಂಜಲೆಳೆಯುವ ಕೊಳವೆಯನ್ನು ಮತ್ತೆ ಅಧ್ಯಕ್ಷೆಯ ಬಾಯಿಗಿಟ್ಟಳು. ಅಧ್ಯಕ್ಷೆ ಎದ್ದು ಹೋದ ಮೇಲೆ ಮೇಸ್ತ್ರಿಯೇ ಕುದಿದ.

“ಹೇಳಬಾರದಾಗಿತ್ತಾ ಅಕ್ಕ?”

“ಅಂದ್ಕೊಳ್ಳಲಿ ಬಿಡು. ಬಾಯಲ್ಲಿ ಅಂದ ಮಾತ್ರಕ್ಕೆ ಗಿಡ ಅವರ ಹಿಂದೆ ಹೋಗುತ್ತಾ?”

ಗಿಡ ಹೋಯಿತು. ನಾದಿನಿಗೆ ಮೈ ಸರಿಯಿಲ್ಲವೆಂದು ಆಯಮ್ಮ ಎರಡು ದಿನ ರಜೆ ಹಾಕಿ ಬರುವಷ್ಟರಲ್ಲಿ ಅದು ಮುಂದಿನ ಹಾಲ್‌ನಲ್ಲಿ, ಹೊಳೆಯುವ ನೀಲಿ ಕುಂಡದಲ್ಲಿ ಕೂತಿತ್ತು. ಇನ್ನೊಂದು ವಾರಕ್ಕೆ ಸಂಘದ ಪ್ರದರ್ಶನವಂತೆ. ಪೊಟರೆ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಹಲ್ಲಿಗೆ ತುಂಬುವ ಸಿಮೆಂಟು, ಕಂದು ಬಣ್ಣ ಕಲಸಿ, ನುಣ್ಣಗೆ ಉಜ್ಜಿ, ತೊಗಟೆಯ ಗೆರೆಗಳನ್ನೂ ಕೊರೆದಿದ್ದರು. ಕೈಚಳಕದ ಕೆಲಸವೇ, ಸುಳ್ಳು ಹೇಳಬಾರದು.

“ನೋಡಮ್ಮ, ಗೊತ್ತಾಗುತ್ತಾ ಅಲ್ಲಿ ತೂತಿತ್ತು ಅಂತ?” ಡಾಕ್ಟರ ಮುಖ ಊರಗಲ.

“ತುಂಬೋ ಮುಂಚೆ ಒಳಗೆ ಕೆರೆದ್ರಾ ಸರ್? ಮಳೆಯಲ್ಲಿ ನೆಂದಿತ್ತು. ಈ ವಾರ ಕೆರೀಬೇಕು ಅಂತಿದ್ದೆ.”

“ಗಿಡಕ್ಕೇನು ನೋವು ಬರುತ್ತಾ? ಮೇಲೆ ಕಾಣಿಸದಿದ್ರೆ ಸಾಕು. ಮುಟ್ಟಬೇಡ ಅದನ್ನ.”

ಆಯಮ್ಮ ಹಿತ್ತಲ ನಲ್ಲಿಗೆ ಹೋಗಿ ವಾಂತಿ ಮಾಡಿದಳು. ಏನೂ ಗೊತ್ತಿಲ್ಲದವನು ಮಾಡಿದ್ದರೆ ಸುಮ್ಮನಿರುತ್ತಿದ್ದಳೇನೋ. ಹುಳುಕನ್ನು ಒಳಗಿಟ್ಟು ಮುಚ್ಚಿದರೆ ಏನಾಗುತ್ತದೆಂದು ದಿನಕ್ಕೆ ಹತ್ತು ಜನಕ್ಕೆ ಗೋಡೆಯ ಮೇಲಿನ ಚಿತ್ರ ತೋರಿಸಿ ಪಾಠ ಹೇಳುವ ಮನುಷ್ಯ ಇವರು.

ಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂತು. ಡಾಕ್ಟರು ಫೋಟೋಗೆ ಹಲ್ಲು ಕಿರಿದು ನಿಂತರು. ಸರ್ಟಿಫಿಕೇಟು ಹಾಲ್‌ನ ಗೋಡೆಗೆ ಬಂತು, ಅದರ ಕೆಳಗೆ ಗಿಡ. ದಿನಕ್ಕೆರಡು ಸಲ ಅದರ ಮೇಲೆ ತಾವೇ ನೀರು ಚಿಮುಕಿಸುವ ಉತ್ಸಾಹ ಬೇರೆ. ಸಂಘದವರೆಲ್ಲ ಭಾನುವಾರ ಗಿಡ ನೋಡಲು ದವಾಖಾನೆಗೇ ಬರುವವರಿದ್ದರು.

ಬುಧವಾರ ಎಲೆ ಹಳದಿಯಾಗಿ ಉದುರಿದವು. ಗುರುವಾರ ನೆಲ ಒರೆಸುವಾಗ ಆಯಮ್ಮ ಬಗ್ಗಿ ನೋಡಿದಳು. ಸಿಮೆಂಟಿನ ಅಂಚಿನಿಂದ ಕಂದು ನೀರು ಜಿನುಗಿ ನೀಲಿ ಕುಂಡದ ಮೇಲೆ ಇಳಿದಿತ್ತು. ಮೂಗು ಹತ್ತಿರ ತಂದಳು. ಆ ವಾಸನೆ ಅವಳಿಗೆ ಗೊತ್ತಿತ್ತು. ಎಡಗಡೆಯ ತೊಗಟೆಯನ್ನು ಉಗುರಿನಿಂದ ಗೀರಿದಳು, ಕಪ್ಪು. ಬಲಗಡೆ ಗೀರಿದಳು, ಇನ್ನೂ ಹಸಿರು. ಭಾನುವಾರದ ತನಕ ಬಿಟ್ಟರೆ ಅದೂ ಉಳಿಯುವುದಿಲ್ಲ. ಮುಟ್ಟಿದರೆ ಕೆಲಸ ಉಳಿಯುವುದಿಲ್ಲ.

ಡಾಕ್ಟರು ಊಟಕ್ಕೆ ಹೋದದ್ದೇ ತಡ, ಗಿಡವನ್ನು ಎತ್ತಿ ತಂದು ಕುರ್ಚಿಯ ಮೇಲೆ ಹಳೆ ಪೇಪರು ಹಾಸಿ ಕೂರಿಸಿದಳು.

“ಮೇಸ್ತ್ರಿ, ಬಾ ಇಲ್ಲಿ. ದೀಪ ಹಿಡಿ.”

ಅವನು ಬಂದು ನೋಡಿ ದೀಪ ಬಗ್ಗಿಸಿದ. “ದೊಡ್ಡದಾಗಿ ‘ಆ’ ಅನ್ನು ಅಂತ ಹೇಳು ಅಕ್ಕ.”

“ನಿನ್ನ ತಮಾಷೆ ಆಮೇಲೆ. ಮೂಗಿಗೆ ಬಟ್ಟೆ ಕಟ್ಕೋ.”

ಸಿಮೆಂಟು ಸುಲಭಕ್ಕೆ ಬಿಡಲಿಲ್ಲ. ಸುತ್ತಲೂ ಕೊಕ್ಕೆ ಹಾಕಿ ಮೀಟಿದಳು. ಕೊನೆಗೆ ಒಂದೇ ತುಂಡಾಗಿ ಎದ್ದು ಬಂತು, ಹಿಂದೆಯೇ ನಾತ. ಒಳಗಿದ್ದದ್ದು ಮರವಲ್ಲ, ನೀರಲ್ಲಿ ನೆನೆದ ಬ್ರೆಡ್ಡಿನಂಥ ಲೋಳೆ, ಅದರಲ್ಲಿ ಅಕ್ಕಿ ಕಾಳಿನಷ್ಟು ಬಿಳಿ ಹುಳುಗಳು ಹೊರಳುತ್ತಿದ್ದವು. ಮೇಸ್ತ್ರಿ ದೀಪ ಬಿಟ್ಟು ಕಿಟಕಿಗೆ ಓಡಿದ. ಆಯಮ್ಮನಿಗೆ ಆಗ ವಾಕರಿಕೆ ಬರಲಿಲ್ಲ. ಚಮಚ ಚಮಚ ತೆಗೆದಳು. ಪೇಪರಿನ ಮೇಲೆ ರಾಶಿ ಬೆಳೆಯಿತು. ಹುಳುಕು ಬೇರಿಗಿಳಿದಿದ್ದರೆ ಮುಗಿಯಿತು, ಅಷ್ಟೇ ಅವಳ ಭಯ. ಬುಡಕ್ಕೆ ಎರಡು ಬೆರಳು ಮೇಲೆ ಕೊಕ್ಕೆ ಕಿರ್ರೆಂದಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಬಾಗಿಲಲ್ಲೇ ಕರವಸ್ತ್ರ ಮೂಗಿಗೆ ಹೋಯಿತು.

“ಏನಿದು ಹೊಲಸು? ನನ್ನ ಕುರ್ಚಿ ಮೇಲೆ?”

“ನೀವು ಒಳಗಿಟ್ಟು ಮುಚ್ಚಿದ್ದು ಸರ್. ನಾನು ತೆಗೆದೆ, ಅಷ್ಟೇ.”

ಅವರು ರಾಶಿಯ ಕಡೆ ನೋಡಿದರು, ಹುಳು ನೋಡಿದರು, ಗೋಡೆಯ ಕಡೆ ತಿರುಗಿಕೊಂಡರು. ಆ ಗೋಡೆಯಲ್ಲಿದ್ದದ್ದು ಹುಳುಕು ಹಲ್ಲಿನ ಚಿತ್ರ.

“ಭಾನುವಾರ ಅವರೆಲ್ಲ ಬರ್ತಾರೆ. ಏನು ಹೇಳ್ಲಿ ನಾನು?”

“ಬೇರೆ ಡಾಕ್ಟ್ರ ಹತ್ರ ತೋರಿಸ್ತಿದೀನಿ ಅನ್ನಿ.”

ಕಿಟಕಿಯ ಹತ್ತಿರ ಮೇಸ್ತ್ರಿಗೆ ಕೆಮ್ಮು ಬಂತು. ಡಾಕ್ಟರು ಕೆಲಸ ಬಿಡು ಎನ್ನಲಿಲ್ಲ. ಮೂರು ಗಂಟೆಗೆ ರೋಗಿಗಳು ಬರುತ್ತಿದ್ದರು, ಆ ಕುರ್ಚಿಯನ್ನು ತೊಳೆಯುವವರು ಬೇರೆ ಯಾರಿದ್ದರು? “ಈ ಗಿಡ ಇನ್ನು ನನ್ನ ಕಣ್ಣಿಗೆ ಬೀಳಬಾರದು,” ಎಂದು ಹೊರಗೆ ಹೋದರು.

“ಬೀಳಲ್ಲ ಬಿಡಿ ಸರ್. ಹನ್ನೊಂದು ವರ್ಷ ಬಿದ್ದಿರ್ಲಿಲ್ಲ,” ಎಂದಳು ಆಯಮ್ಮ, ಅವರಿಗೆ ಕೇಳಿಸುವಷ್ಟೇ ಮೆಲ್ಲಗೆ.

ಗಿಡವನ್ನು ಹಳೆಯ ತಟ್ಟೆಗೆ ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ, ಮೇಸ್ತ್ರಿಯ ಕಿಟಕಿಯಲ್ಲಿ ಪೊಟರೆ ಬಿಸಿಲಿಗೆ ತಿರುಗುವ ಹಾಗೆ ಇಟ್ಟಳು. ಎಡಗಡೆ ಸತ್ತಿದೆ, ಬಲಗಡೆ ಒಂದು ಪಟ್ಟಿ ಬದುಕಿದೆ. ಅಷ್ಟಿದ್ದರೆ ಚಿಗುರಬಹುದು. ಚಿಗುರಿದರೆ ವಕ್ರವಾಗಿ ಚಿಗುರೀತು. ಪ್ರದರ್ಶನಕ್ಕಂತೂ ಆಗುವುದಿಲ್ಲ, ಅದೊಂದು ನಿಶ್ಚಿಂತೆ.

ಪೇಪರು ಸುತ್ತಿ ಹೊರಗೆ ಹಾಕಿ ಬರುವಾಗ ಅವಳ ನಾಲಿಗೆ ತಾನಾಗಿಯೇ ಹಿಂದಿನ ದವಡೆಗೆ ಹೋಯಿತು. ಎಂಟು ವರ್ಷದ ಹಿಂದೆ ಅಲ್ಲೊಂದು ಹಲ್ಲಿಗೆ ಡಾಕ್ಟರು ಸಿಮೆಂಟು ತುಂಬಿದ್ದರು, ಸಂಜೆ ಹೊರಡುವ ಗಡಿಬಿಡಿಯಲ್ಲಿ, ಐದೇ ನಿಮಿಷದಲ್ಲಿ. ಆಗ ಎಷ್ಟು ಉಪಕಾರ ಎಂದುಕೊಂಡಿದ್ದಳು. ನಾಲಿಗೆ ಆ ನುಣುಪನ್ನು ಸವರಿತು, ಮತ್ತೆ ಸವರಿತು. ಆಗ ಬಂತು ವಾಕರಿಕೆ.

ನಲ್ಲಿಗೆ ಬಾಯೊಡ್ಡಿ ಮೂರು ಸಲ ಮುಕ್ಕಳಿಸಿದಳು. ಹೊರಗೆ ಬೆಂಚಿನ ಮೇಲೆ ಯಾರೋ ಬಂದು ಕೂತ ಸದ್ದಾಯಿತು. ಆಯಮ್ಮ ಸೆರಗು ಸಿಕ್ಕಿಸಿ, ಕುರ್ಚಿಯನ್ನು ಔಷಧಿ ನೀರಿನಿಂದ ಎರಡು ಸಲ ಒರೆಸಿ, ಉಗುಳುವ ಬೋಗುಣಿಗೆ ಪುಡಿ ಉದುರಿಸಿ, ಬ್ರಷ್ಷಿನಿಂದ ಅದರ ಅಂಚನ್ನು ಸುತ್ತಲೂ ತಿಕ್ಕತೊಡಗಿದಳು.