ಮೂರು ಗಿಟಾರುಗಳ ಮನುಷ್ಯ

ತೊಂಬತ್ತರ ದಶಕದಲ್ಲಿ ಸೌದಿಯ ಅಲ್ ಖರ್ಜ್‌ನ ನಮ್ಮ ಹಾಲಿನ ಡೈರಿಯಲ್ಲಿ ನನ್ನಿಂದ ಬೇಸ್ತು ಬೀಳದವರೇ ಇರಲಿಲ್ಲ. ಕೆಲಸ ಕೊಟ್ಟ ಕಫೀಲನ ಚಹಾಕ್ಕೂ ಉಪ್ಪು ಹಾಕಿ ಬದುಕಿ ಬಂದವನು ನಾನು. ಬಾಕಿ ಉಳಿದಿದ್ದವನು ಜನರೇಟರ್ ನೋಡಿಕೊಳ್ಳುತ್ತಿದ್ದ ಅಲಬಾಮಾದ ಮೆಕ್ಯಾನಿಕ್ ಒಬ್ಬನೇ.

ಮಾತಾಡುವಾಗ ಅವನು ನಮ್ಮ ತುಟಿಯನ್ನೇ ನೋಡುತ್ತಿದ್ದ. ಅದು ಅಮೆರಿಕದ ಮರ್ಯಾದೆ ಎಂದುಕೊಂಡಿದ್ದೆ. ಅವನ ಪಿಕಪ್ಪಿನಲ್ಲಿ ಯಾವಾಗಲೂ ಅವನ ಊರ ಕಡೆಯ ರಾಕ್ ತಂಡಗಳ ಕ್ಯಾಸೆಟ್ ಅಬ್ಬರಿಸುತ್ತಿತ್ತು. ಹರೆಯದಲ್ಲಿ ಅವುಗಳನ್ನು ಬಯಲಲ್ಲಿ ನಿಂತು ಕೇಳಿದ್ದನಂತೆ. ನಮ್ಮ ಬಯಲಾಟದ ಹಾಗೆಯೇ, ಆದರೆ ಕಣ್ಣು ಹಾಯುವವರೆಗೂ ಜನ, ಕಾಲಡಿ ಕೆಸರು, ವೇದಿಕೆಯಲ್ಲಿ ಒಟ್ಟಿಗೆ ಮೂರು ಗಿಟಾರು. "ನೀನು ಅಲ್ಲಿರಬೇಕಿತ್ತು" ಎಂದು ಪ್ರತಿ ಸಲವೂ ಮುಗಿಸುತ್ತಿದ್ದ.

ಒಂದು ಶುಕ್ರವಾರ ರಿಯಾದಿಗೆ ಹೊರಡುವ ಮೊದಲು ನಾನು ಸ್ಪೀಕರಿನ ವೈರು ಕಿತ್ತಿಟ್ಟೆ. ದಾರಿಯಲ್ಲಿ ಅವನು ಕ್ಯಾಸೆಟ್ ಹಾಕಿದ. ಸದ್ದೇ ಇಲ್ಲ. ಹಿಂದಿನ ಸೀಟಿನಲ್ಲಿ ಉಡುಪಿಯ ವೆಲ್ಡರ್ ನಗು ತಡೆದುಕೊಂಡು ಕೂತಿದ್ದ. ಅಲಬಾಮಾದವನು ಮಾತ್ರ ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತ, ತಲೆಯಾಡಿಸುತ್ತ, "ಈಗ ಬರುತ್ತೆ ನೋಡು, ಮೂರೂ ಒಟ್ಟಿಗೆ" ಎಂದ.

ವೆಲ್ಡರನ ನಗು ನಿಂತಿತು. "ಎಂತ ಮಾರಾಯ, ಇವನಿಗೆ ಕಿವಿಯೇ ಕೇಳುದಿಲ್ಲ. ಆಫೀಸಿಗೆ ಗೊತ್ತಾದ್ರೆ ನಾಳೆಯೇ ಊರಿಗೆ ಕಳಿಸ್ತಾರೆ."

"ನೀನು ಬಾಯಿ ಮುಚ್ಚಿ ಕೂತ್ಕೊ" ಎಂದೆ.

ಅಲಬಾಮಾದವನು ನನ್ನ ಕಡೆ ತಿರುಗಿದ. "ಯಾಕೆ ಹಾಗೆ ನೋಡ್ತೀಯಾ? ಸೌಂಡ್ ಹೆಚ್ಚಾಯ್ತಾ?"

ನಾನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಮುಖ ಕಿವುಚಿದೆ. ಅವನು ಖುಷಿಯಿಂದ ನಕ್ಕು, ಗುಂಡಿ ತಿರುಗಿಸಿ ಸ್ವಲ್ಪ ಕಡಿಮೆ ಮಾಡಿದ.